ಗರ್ರ್ ಎನ್ನುವ ರಾಗ

ನಮ್ಮ ಮನೆಯಲ್ಲಿ ಪ್ರದೇಶ ಸಮಾಚಾರಕ್ಕೂ ಚಟ್ನಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಅತ್ತ ಅಪ್ಪ ರೇಡಿಯೊ ಹಾಕುವುದಕ್ಕೂ ಇತ್ತ ಅಮ್ಮ ಮಿಕ್ಸಿ ತಿರುಗಿಸುವುದಕ್ಕೂ ಸರಿಹೋಗುತ್ತಿತ್ತು. ‘ಮುಖ್ಯಮಂತ್ರಿಗಳು’ ಎಂಬಲ್ಲಿಯವರೆಗೆ ಕೇಳಿಸುತ್ತಿತ್ತು. ಅವರು ಏನು ಮಾಡಿದರೆಂಬುದು ಗರ್ರ್ ಎಂಬ ಸದ್ದಿನಲ್ಲಿ ನುಣ್ಣಗೆ ಅರೆದುಹೋಗುತ್ತಿತ್ತು. “ಆ ದರಿದ್ರ ನಿಲ್ಲಿಸೇ” ಎಂದು ಅಪ್ಪ. “ಹಾಗಾದರೆ ದೋಸೆಗೆ ವಾರ್ತೆಯನ್ನೇ ನಂಚಿಕೊಳ್ಳಿ” ಎಂದು ಅಮ್ಮ.

ಅಂಥದೇ ಗರ್ರ್‌ಗೆ ಕಿವಿಗೊಟ್ಟ ಪುಣ್ಯಾತ್ಮನೊಬ್ಬ ಕ್ಯಾಲಿಫೋರ್ನಿಯಾದಲ್ಲಿದ್ದ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಹೆಸರು ಸ್ಟೀವ್ ಡಾಂಪಿಯರ್. ಅವನ ರೇಡಿಯೊವನ್ನು ಕೆಡಿಸಿದ್ದು ಮಿಕ್ಸಿಯಲ್ಲ, ಆಲ್ಟೇರ್ 8800 ಎಂಬ ಕಂಪ್ಯೂಟರು.

ಈ ಆಲ್ಟೇರಿನ ಜಾತಕವೇ ವಿಚಿತ್ರ. ಆಲ್ಬುಕರ್ಕಿಯ ಎಡ್ ರಾಬರ್ಟ್ಸ್ ಕ್ಯಾಲ್ಕುಲೇಟರ್ ವ್ಯಾಪಾರದಲ್ಲಿ ಕೈಸುಟ್ಟುಕೊಂಡು, ಸಾಲದಲ್ಲಿ ಮುಳುಗಿದ್ದಾಗ ಇದನ್ನು ಕಟ್ಟಿದ. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಗೆ ಕಳಿಸಿದ ನಮೂನೆ ದಾರಿಯಲ್ಲೇ ಕಳೆದುಹೋಯಿತು. 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ದೀಪ, ಸ್ವಿಚ್ಚುಗಳ ಸಮೇತ ಠೀವಿಯಿಂದ ಕೂತಿದ್ದದ್ದು ಬರೀ ಖಾಲಿ ಡಬ್ಬ! ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತೇವಲ್ಲ, ಇಲ್ಲಿ ಕುಲಾವಿಯ ಫೋಟೊ ನೋಡಿಯೇ ಜನ 397 ಡಾಲರ್ ಮುಯ್ಯಿ ಕಳಿಸಿಬಿಟ್ಟರು. ಒಬ್ಬಿಬ್ಬರಲ್ಲ, ಸಾವಿರಾರು ಮಂದಿ.

ಮನೆಗೆ ಬಂದದ್ದು ಬಿಡಿಭಾಗಗಳ ಪೊಟ್ಟಣ. ಬೆಸುಗೆ ಹಾಕಿಕೊಳ್ಳುವ ಕರ್ಮ ಕೊಂಡವನದೇ. ಎಲ್ಲ ಜೋಡಿಸಿದ ಮೇಲೂ ಕೀಲಿಮಣೆಯಿಲ್ಲ, ಪರದೆಯಿಲ್ಲ. ಎಂಟು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಇನ್ನೊಂದನ್ನು ಒತ್ತಿದರೆ ಒಂದು ಬೈಟ್ ಒಳಗೆ ಹೋಯಿತು. ನೆನಪಿನ ಶಕ್ತಿ 256 ಬೈಟ್. ಇಂದಿನ ಕಂಪ್ಯೂಟರು ಕನ್ನಡದ ಒಂದು ‘ಕ್ಷ’ಕ್ಕೇ ಒಂಬತ್ತು ಬೈಟ್ ಕೇಳುತ್ತದೆ, ಆಲ್ಟೇರಿನಲ್ಲಿ ನಮ್ಮತ್ತೆಯ ಕ್ಷೇಮಸಮಾಚಾರದ ಮೊದಲ ವಾಕ್ಯವೂ ಹಿಡಿಯುತ್ತಿರಲಿಲ್ಲ. ‘ಇದರಿಂದ ಏನು ಪ್ರಯೋಜನ?’ ಎಂದು ಮನೆಯವರು ಕೇಳಿದರೆ ಉತ್ತರವೂ ಇರಲಿಲ್ಲ.

ಆ ಉತ್ತರ ಡಾಂಪಿಯರನಿಗೆ ಸಿಕ್ಕಿದ್ದು ಪಕ್ಕದಲ್ಲಿದ್ದ ರೇಡಿಯೊದಲ್ಲಿ. ಆಲ್ಟೇರ್ ಲೆಕ್ಕ ಮಾಡುವಾಗೆಲ್ಲ ಅದು ಗೊರಗುಟ್ಟುತ್ತಿತ್ತು. ಬೇರೆ ಯಾರಾದರೂ ರೇಡಿಯೊವನ್ನು ಆಚೆ ಎತ್ತಿಡುತ್ತಿದ್ದರು. ಇವನು ಗಮನಿಸಿದ: ಲೆಕ್ಕ ಬದಲಾದರೆ ಗೊರಕೆಯ ಶ್ರುತಿಯೂ ಬದಲಾಗುತ್ತದೆ. ಯಾವ ಲೆಕ್ಕಕ್ಕೆ ಯಾವ ಸ್ವರ ಎಂದು ಕೂತು ಪಟ್ಟಿ ಮಾಡಿದ.

ಆ ವರ್ಷದ ಮಾರ್ಚಿನಲ್ಲಿ ಮೆನ್ಲೊ ಪಾರ್ಕಿನ ಒಂದು ಕಾರ್ ಶೆಡ್ಡಿನಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಶುರುವಾಗಿತ್ತು. ಮುಂದೆ ಆಪಲ್ ಕಟ್ಟಿದ ವೋಜ್ನಿಯಾಕ್ ಕೂಡ ಅದರ ಸದಸ್ಯ. ಅದರ ಮುಂದಿನೊಂದು ಸಭೆಗೆ ಡಾಂಪಿಯರ್ ತನ್ನ ಪೆಟ್ಟಿಗೆ ಹೊತ್ತು ತಂದು, ನೆಲದಲ್ಲಿ ಕೂತು ಸ್ವಿಚ್ಚು ಟಕಟಕಿಸಿದ. ನಡುವೆ ಕರೆಂಟು ತಪ್ಪಿತು. ಪೆಟ್ಟಿಗೆ ಎಲ್ಲ ಮರೆಯಿತು. ಮತ್ತೆ ಮೊದಲಿಂದ ಟಕಟಕ. ಕೊನೆಗೆ ರೇಡಿಯೊದಿಂದ ಬೀಟಲ್ಸ್ ಹಾಡೊಂದು ಕಿರಿಕಿರಿಯಾಗಿ ಹೊರಟಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆತ್ತ ಮಗು ಮೊದಲು ಅತ್ತದ್ದನ್ನೇ ಸಂಗೀತವೆಂದು ಕೇಳಿದವರು ಇವರು.

ಮೊನ್ನೆ ಅಪ್ಪನ ರೇಡಿಯೊವನ್ನು ಅಟ್ಟದಿಂದ ಇಳಿಸಿ ಮಿಕ್ಸಿಯ ಪಕ್ಕ ಇಟ್ಟೆ. ಒಂದು, ಎರಡು, ಮೂರು: ಮೂರು ವೇಗ, ಮೂರು ಸ್ವರ! ಕಣ್ಣು ಮುಚ್ಚಿ ತಲೆದೂಗುತ್ತಿದ್ದವನ ಹಿಂದೆ ಹೆಂಡತಿ ಬಂದು ನಿಂತಿದ್ದಳು.

“ಚಟ್ನಿ ಆಯ್ತಾ?”

ಜಾರು ಖಾಲಿ ಇತ್ತು.