ಸಾವ್ಕಾರ್ರ ಫೈರ್‌ಪ್ಲೇಸ್ ಗೋಡೆ

ಬ್ರೆಜಿಲಿನಲ್ಲಿ ಹಿಮ ಬಿದ್ದರೆ ಮೂಡಿಗೆರೆಯಲ್ಲಿ ಹೊಗೆಗೂಡು ಏಳುತ್ತದೆ. 1975ರ ಜುಲೈಯಲ್ಲಿ ಅಲ್ಲಿನ ಪರಾನಾ ಸೀಮೆಯ ಕಾಫಿ ಗಿಡಗಳು ಹಿಮಕ್ಕೆ ಸಿಕ್ಕಿ ಕರಕಲಾದವು. ಅವರ ನಷ್ಟ ನಮ್ಮ ಕಾಫಿ ಬೋರ್ಡಿನ ಪೂಲ್ ಹಾದು, ಕಂತು ಕಂತಾಗಿ ಲಾಭದ ರೂಪದಲ್ಲಿ ಸಾವ್ಕಾರ್ರ ತಂದೆಯ ಕೈಸೇರಿ, ತೊಟ್ಟಿಮನೆಯ ಮಗ್ಗುಲಲ್ಲಿ ಒಂದು ತಾರಸಿ ಮನೆಯಾಯಿತು. 1994ರಲ್ಲಿ ಅಲ್ಲಿ ಮತ್ತೆ ಹಿಮ ಬಿತ್ತು. ಆ ದುಡ್ಡಿನಲ್ಲಿ ಕೆಲವರು ಎಸ್ಟೀಮ್ ಕಾರು ತಂದರು, ಕೆಲವರು ತಂಗಿಯ ಮದುವೆ ಮಾಡಿದರು. ನಮ್ಮ ಸಾವ್ಕಾರ್ರು ಎರಡನ್ನೂ ಮುಗಿಸಿ, ಉಳಿದದ್ದರಲ್ಲಿ ಹಾಲ್‌ನ ಪಡುವಣ ಗೋಡೆ ಒಡೆಸಿ ಫೈರ್‌ಪ್ಲೇಸ್ ಕಟ್ಟಿಸಿದರು.

ಅವರ ಹೆಸರು ಬೇಡ. ಆಲ್ದೂರು, ಗೋಣಿಬೀಡು, ಬಾಳೂರು, ಕೊಟ್ಟಿಗೆಹಾರ, ಕಳಸ, ಸಂಸೆ, ಯಾವ ದಿಕ್ಕಿಗೆ ಹೋದರೂ ಇಂಥವರು ಒಬ್ಬರಾದರೂ ಸಿಗುತ್ತಾರೆ. ಅರವತ್ತರ ಆಚೀಚೆ ವಯಸ್ಸು, ತೋಳಿಲ್ಲದ ಸ್ವೆಟರು, ಬಾಗಿಲಿಲ್ಲದ ಜೀಪು. ಮಳೆಯನ್ನು ಇಂಚು-ಸೆಂಟ್ಸ್‌ನಲ್ಲಿ ಹೇಳುತ್ತಾರೆ: "ನಮ್ಗೆ ಒಂದಿಂಚು ಇಪ್ಪತ್ತು ಸೆಂಟ್ಸ್ ಬಂತು, ನಿಮ್ಗೆಷ್ಟು?" ಪಕ್ಕದ ತೋಟದವರಿಗೆ ಹತ್ತು ಸೆಂಟ್ಸ್ ಜಾಸ್ತಿ ಹೂಮಳೆ ಆಗಿದ್ದರೆ ಅಂದು ರಾತ್ರಿ ಊಟ ಸೇರುವುದಿಲ್ಲ. ಉಳಿದಂತೆ ಒಳ್ಳೆಯವರು. ಯಾರೇ ಬರಲಿ, ಕಾಫಿ ಕೊಡುವ ಮುಂಚೆ ಹಾಲ್‌ಗೆ ಕರೆದುಕೊಂಡು ಹೋಗಿ ಗೋಡೆಯ ಎದುರು ನಿಲ್ಲಿಸಿ, "ಹೇಗಿದೆ ಹೇಳಿ?" ಎನ್ನುತ್ತಾರೆ. ಚೆನ್ನಾಗಿದೆ ಎಂದವರಿಗೆ ಕಾಫಿಯ ಜತೆ ಅಕ್ಕಿರೊಟ್ಟಿಯೂ ಉಂಟು.

ಆಸೆ ಅಪ್ಪನ ಕಾಲದ್ದು. ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ಕ್ಯಾನನ್ ದೊರೆ ತೋಟ ಮಾಡಿದಾಗಿನಿಂದ ಇತ್ತ ಬಂದ ಬಿಳಿಯರು ತಮ್ಮ ಬಂಗಲೆಗಳಲ್ಲಿ ಬೆಂಕಿಗೂಡು ಕಟ್ಟಿಕೊಂಡರು. ಅದು ಚಳಿಗಿಂತ ಹೆಚ್ಚಾಗಿ ಊರಿನ ನೆನಪಿಗೆ ಇರಬೇಕು. ಸಾವ್ಕಾರ್ರ ತಂದೆ ಹುಡುಗನಾಗಿದ್ದಾಗ ಏಲಕ್ಕಿ ಮಾರಲು ಅಂಥದ್ದೊಂದು ಬಂಗಲೆಗೆ ಹೋಗಿದ್ದರಂತೆ. ಮಳೆಗೆ ತೊಯ್ದು ತೊಪ್ಪೆಯಾಗಿ ಜಗಲಿಯಲ್ಲಿ ನಡುಗುತ್ತ ನಿಂತವರಿಗೆ ಕಿಟಕಿಯ ಗಾಜಿನಾಚೆ ಬೆಂಕಿ ಉರಿಯುವುದು ಕಂಡಿತಂತೆ. ದೊರೆ ಒಳಗೆ ಬಾ ಎನ್ನಲಿಲ್ಲವಂತೆ. "ಆ ಅವಮಾನಕ್ಕೇ ಇದನ್ನ ಕಟ್ಸಿದ್ದು ಕಣ್ರಿ," ಎಂದು ಸಾವ್ಕಾರ್ರು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾರೆ. ಅವರು ಅದನ್ನು ಹೇಳಿ ಮುಗಿಸುವವರೆಗೂ ಎಸ್ಟೇಟ್ ರೈಟರು ಮಸ್ಟರ್ ಪುಸ್ತಕ ಹಿಡಿದು ಜಗಲಿಯಲ್ಲೇ ನಿಂತಿರುತ್ತಾರೆ.

ಆಚೆ ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಒಂದು ಪುಸ್ತಕ ಹೊರತಂದ. ಅದರ ಹೆಸರಿನಲ್ಲೇ ಚಿನ್ನ, ಶಿಕಾರಿ, ಕಾಫಿ ಮೂರೂ ಸೇರಿವೆ. ಪ್ಲಾಂಟರ್ ಮನೆಯ ಗೋಡೆಗೆ ಏನೇನು ಬೇಕು ಎಂಬ ಪಟ್ಟಿ ಆಗಲೇ ತಯಾರಾಗಿತ್ತು ಎನ್ನಬೇಕು.

ಸಾವ್ಕಾರ್ರ ಫೈರ್‌ಪ್ಲೇಸ್ ಕಟ್ಟಿದ ಮೇಸ್ತ್ರಿ ಅದುವರೆಗೆ ಕಾಫಿ ಕಣ, ಗೊಬ್ಬರದ ಶೆಡ್ಡು, ಕೂಲಿ ಲೈನು ಕಟ್ಟಿ ಹೆಸರು ಮಾಡಿದವನು. ಹೊಗೆಕೊಳವೆಯ ಒಳಗಿನ ಅಳತೆ ಬೆಂಕಿಗೂಡಿನ ಬಾಯಿಯ ಹತ್ತರಲ್ಲೊಂದು ಪಾಲಾದರೂ ಇರಬೇಕು, ಕೊಳವೆ ಮಾಡಿನ ನೆತ್ತಿ ದಾಟಿ ಎರಡು-ಮೂರು ಅಡಿ ಮೇಲೇಳಬೇಕು, ಅದರ ಕುತ್ತಿಗೆ ಕಿರಿದಾಗಿರಬೇಕು, ಎರಡೂ ಬದಿಯ ಗೋಡೆ ಓರೆಯಾಗಿರಬೇಕು ಎಂಬುದೆಲ್ಲ ಹಳೆಯ ವಿದ್ಯೆ. ರಮ್‌ಫರ್ಡ್ ಎಂಬಾತ 1790ರ ದಶಕದಲ್ಲಿ ಲಂಡನ್ನಿನ ಶ್ರೀಮಂತರ ಹೊಗೆ ಕಾರುವ ಬೆಂಕಿಗೂಡುಗಳನ್ನು ಹೀಗೆಲ್ಲ ತಿದ್ದಿಯೇ ಖ್ಯಾತನಾದ. ಮೇಸ್ತ್ರಿಗೆ ರಮ್‌ಫರ್ಡ್ ಗೊತ್ತಿರಲಿಲ್ಲ. ಸಾವ್ಕಾರ್ರು ಅವನ ಕೈಗೆ ಕೊಟ್ಟದ್ದು ಗೊಬ್ಬರದ ಕಂಪನಿಯ ಕ್ಯಾಲೆಂಡರಿನ ಡಿಸೆಂಬರ್ ಪುಟ. ಚಿತ್ರದಲ್ಲಿ ಬೆಂಕಿಗೂಡಿನ ಬಾಯಿ ಕಾಣುತ್ತಿತ್ತು, ಕೊಳವೆ ಕಾಣುತ್ತಿರಲಿಲ್ಲ. ಹಾಗಾಗಿ ಬಾಯಿ ಒಂದು ಕರು ನುಗ್ಗುವಷ್ಟು ದೊಡ್ಡದಾಯಿತು. ಕೊಳವೆ ಆರಿಂಚಿನ ಸಿಮೆಂಟ್ ಪೈಪಾಯಿತು.

ಮೊದಲ ಸಲ ಬೆಂಕಿ ಹಾಕಿದ ದಿನ ಹೊಗೆಯೆಲ್ಲ ಮನೆಯೊಳಗೇ ಉಳಿಯಿತು. ಪೈಪಿನ ಮೂಲಕ ಮಳೆ ಮಾತ್ರ ಒಳಗೆ ಬಂತು. "ಬಳಸ್ತಾ ಬಳಸ್ತಾ ಸರಿಹೋಗ್ತದೆ ಸಾವ್ಕಾರ್ರೇ," ಎಂದ ಮೇಸ್ತ್ರಿ ಬಾಕಿ ಹಣ ಎಣಿಸಿಕೊಂಡು ಹೋದ. ಉರಿಸಲಾಗದ ಮೇಲೆ ಅಲಂಕಾರವನ್ನಾದರೂ ಮಾಡಬೇಕಲ್ಲ. ಗೋಡೆಯ ಚರಿತ್ರೆ ಶುರುವಾದದ್ದು ಅಲ್ಲಿಂದ.

ಮೊದಲು ಏರಿದ್ದು ಕಾಟಿಯ ತಲೆ. ಮೈಸೂರಿನ ವಾನ್ ಇಂಗೆನ್‌ರಲ್ಲಿ ಹದಮಾಡಿಸಿದ್ದು. 1900ರಿಂದ 1999ರವರೆಗೆ ನಡೆದ ಆ ಕಾರ್ಖಾನೆಯಿಂದ ಹೊರಬಂದ ಪ್ರಾಣಿಗಳ ಕಣ್ಣು ಎಷ್ಟು ಜೀವಂತವೆಂದರೆ, ಹಾಲ್‌ನಲ್ಲಿ ಯಾವ ಮೂಲೆಗೆ ಹೋಗಿ ಕೂತರೂ ನಮ್ಮನ್ನೇ ನೋಡುತ್ತವೆ. "ಅಜ್ಜ ಒಂದೇ ಈಡಿಗೆ ಕೆಡವಿದ್ದು" ಎಂದು ಸಾವ್ಕಾರ್ರು ಮೂವತ್ತು ವರ್ಷ ಹೇಳಿಕೊಂಡು ಬಂದರು. ಕಾಟಿ ನಿಂತಿದ್ದ ದೂರ ಪ್ರತಿ ಸಲ ಹತ್ತು ಮಾರು ಹೆಚ್ಚುತ್ತಿತ್ತು. 1972ರ ವನ್ಯಜೀವಿ ಕಾಯ್ದೆ, ಒಡೆತನದ ಪ್ರಮಾಣಪತ್ರ ಇತ್ಯಾದಿಗಳನ್ನು ಅವರು ಬಲ್ಲರು, ಆದರೆ ಅವೆಲ್ಲ ಕಾಡಿನ ಕಾಟಿಗೆ ಸಂಬಂಧಿಸಿದವು, ಗೋಡೆಯ ಕಾಟಿಗಲ್ಲ ಎಂದುಕೊಂಡಿದ್ದರು.

2023ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯವರು ಬಿಗ್‌ಬಾಸ್ ಮನೆಗೇ ಹೋಗಿ ಹುಲಿಯುಗುರಿನ ಲಾಕೆಟ್ ಹಾಕಿಕೊಂಡಿದ್ದ ಸ್ಪರ್ಧಿಯನ್ನು ಕರೆದೊಯ್ದರಲ್ಲ, ಆ ರಾತ್ರಿ ಮಲೆನಾಡಿನಲ್ಲಿ ಎಷ್ಟು ಮನೆಗಳಲ್ಲಿ ಏಣಿ ಹೊರಗೆ ಬಂತೋ ದೇವರೇ ಬಲ್ಲ. ನಮ್ಮ ಕಾಟಿ ಮೊದಲು ಅಟ್ಟ ಹತ್ತಿತು. ಅಟ್ಟ ಸಾಲದೆಂದು ಭತ್ತದ ಕಣಜಕ್ಕೆ ಇಳಿಯಿತು. ಕಣಜದೊಳಗೆ ಕೈಹಾಕಿದ ಕೆಲಸದಾಕೆ ಕಿರುಚಿಕೊಂಡದ್ದು ಕೆಳಗಿನ ಲೈನಿಗೂ ಕೇಳಿತು. 2024ರ ಜನವರಿಯಲ್ಲಿ ಸರ್ಕಾರ ಮೂರು ತಿಂಗಳ ಗಡುವು ಕೊಟ್ಟು, ಇದ್ದವರು ತಂದೊಪ್ಪಿಸಿ ಎಂದಾಗ ಸಾವ್ಕಾರ್ರು ಅರ್ಜಿ ಬರೆದರು. ಅದರಲ್ಲಿ ಅಜ್ಜನೂ ಇಲ್ಲ, ಈಡೂ ಇಲ್ಲ. "ಮನೆ ನಮ್ಮ ಕೈಗೆ ಬಂದಾಗಲೇ ಸದರಿ ತಲೆ ಗೋಡೆಯಲ್ಲಿತ್ತು" ಎಂದಿತ್ತು. ಗೋಡೆ ಕಟ್ಟಿಸಿದವರೇ ತಾವು ಎಂಬ ವಿವರ ಬಿಟ್ಟುಹೋಗಿತ್ತು.

ಕಾಟಿಯ ಕೆಳಗೆ ಜೋಡುನಳಿಗೆ ಕೋವಿ. ಲೈಸೆನ್ಸು ಬೆಳೆ ರಕ್ಷಣೆಗೆ. ಮಂಗಗಳಿಗೆ ಅದರ ಪರಿಚಯ ಎಷ್ಟಿದೆಯೆಂದರೆ, ಕೋವಿ ಹೊರಗೆ ಬಂದರೂ ಬಾಳೆಹಣ್ಣು ತಿನ್ನುವುದನ್ನು ನಿಲ್ಲಿಸುವುದಿಲ್ಲ. ಆದರೆ ಗೋಡೆಗೆ ಅದು ಬೇಕು. ತೊಂದರೆಯೆಂದರೆ ಚುನಾವಣೆ ಘೋಷಣೆಯಾದ ಕೂಡಲೇ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಒಮ್ಮೆ ಲೋಕಸಭೆ, ಒಮ್ಮೆ ವಿಧಾನಸಭೆ, ನಡುವೆ ಪಂಚಾಯಿತಿ. ಪ್ರಜಾಪ್ರಭುತ್ವ ಬಲವಾದಷ್ಟೂ ಸಾವ್ಕಾರ್ರ ಗೋಡೆ ಬರಿದಾಗುತ್ತದೆ. ಅಂಥ ದಿನಗಳಲ್ಲಿ ಬಂದವರಿಗೆ ಅವರು ಎರಡು ಮೊಳೆ ತೋರಿಸಿ, "ಇಲ್ಲಿ ಕೋವಿ ಇರ್ತದೆ" ಎನ್ನುತ್ತಾರೆ.

ನಡುವೆ ಒಂದು ಸಲ ತೀರಿಹೋದ ತಂದೆಯ ದೊಡ್ಡ ಫೋಟೋ ಅಲ್ಲಿ ಹಾಕಿದ್ದರು. ತಾಯಿ, ಅಂದರೆ ಅಜ್ಜಿ, ಊರುಗೋಲು ಕುಟ್ಟುತ್ತ ಬಂದರು. "ಬದ್ಕಿದ್ದಾಗ ಹೊಗೆ ಕಂಡ್ರೆ ಆಗ್ತಿರ್ಲಿಲ್ಲ ಅವ್ರಿಗೆ. ಈಗ ಬೆಂಕಿ ಮೇಲೆ ನೇತ್ಹಾಕ್ತೀಯೇನೋ? ಇಳ್ಸೋ ಮೊದ್ಲು!" ಫೋಟೋ ಇಳಿಯಿತು. ಆ ಮನೆಯಲ್ಲಿ ಸಾವ್ಕಾರ್ರ ಮಾತಿಗೆ ಎದುರಾಡುವವರು ಅಜ್ಜಿ ಮತ್ತು ಕಾಫಿ ಮಾರುಕಟ್ಟೆ ಮಾತ್ರ.

2000ದ ಹೊತ್ತಿಗೆ ಬೆಲೆ ಕುಸಿದು ಗೋಡೆಗೆ ಸುಣ್ಣ ಹೊಡೆಸಲೂ ಕೈ ಹಿಡಿಯುವ ಕಾಲ ಬಂತು. ದುಡ್ಡಿಲ್ಲದ ಪ್ಲಾಂಟರು ಪ್ರಕೃತಿಪ್ರೇಮಿಯಾಗುವುದು ಸಹಜ. ಪಕ್ಕದಲ್ಲೇ ಪೂರ್ಣಚಂದ್ರ ತೇಜಸ್ವಿ ಇದ್ದರು. ಅವರು ಹಕ್ಕಿಗಳ ಫೋಟೋ ತೆಗೆಯುತ್ತಿದ್ದರು ಎಂದು ಸಾವ್ಕಾರ್ರೂ ಕ್ಯಾಮೆರಾ ತಂದರು. ಗೋಡೆಯ ಮೇಲೆ ಹತ್ತಾರು ಕಟ್ಟು ಹಾಕಿದ ಚಿತ್ರಗಳು ಬಂದವು. ಒಂದೊಂದರಲ್ಲೂ ಕೊಂಬೆ ಸ್ಪಷ್ಟ, ಹಕ್ಕಿ ಆಗಷ್ಟೇ ಹಾರಿಹೋಗಿದೆ. "ತೇಜಸ್ವಿ ನಾನು ಒಟ್ಟಿಗೇ ಗಾಳ ಹಾಕ್ತಿದ್ವಿ" ಎಂಬ ಮಾತೂ ಆಗಲೇ ಶುರುವಾದದ್ದು. ತೇಜಸ್ವಿಯವರು ಬದುಕಿದ್ದಾಗ ಏಕಾಂತಕ್ಕಾಗಿ ಗಾಳ ಹಿಡಿದು ಹೊಳೆದಂಡೆಗೆ ಹೋಗುತ್ತಿದ್ದರು. 2007ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಜತೆ ಮೀನು ಹಿಡಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಅಷ್ಟೂ ಜನ ಅಂದು ದಂಡೆಯಲ್ಲಿ ಕೂತಿದ್ದರೆ ಹೇಮಾವತಿಯಲ್ಲಿ ಮೀನಿರಲಿ, ನೀರೂ ಉಳಿಯುತ್ತಿರಲಿಲ್ಲ.

ಆಮೇಲೆ ಟಿವಿ ಬಂತು. ಬೆಂಕಿಗೂಡಿನ ಮೇಲೆಯೇ ಟಿವಿ ಹಾಕುವುದು ಕುತ್ತಿಗೆಗೂ ಒಳ್ಳೆಯದಲ್ಲ, ಟಿವಿಗೂ ಒಳ್ಳೆಯದಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಅದೂ ಒಂದು ಕಪ್ಪು ಹಲಗೆ.

ಮೂರನೆಯ ಹಿಮ 2021ರ ಜುಲೈಯಲ್ಲಿ ಬಿತ್ತು. ಬೆಲೆ ಮತ್ತೆ ಏರಿತು. ಈ ಸಲ ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಮಗ, "ಅಪ್ಪ, ಹೋಮ್‌ಸ್ಟೇ ಮಾಡೋಣ, ಗೋಡೆ ನಾನು ನೋಡ್ಕೋತೀನಿ" ಎಂದ. ಅವನ ಹಿಂದೆಯೇ ಡಿಸೈನರ್ ಹುಡುಗಿ ಬಂದಳು. ಗೋಡೆಯನ್ನು ಒಂದು ಗಂಟೆ ದಿಟ್ಟಿಸಿ, "ಇದಕ್ಕೆ ರಸ್ಟಿಕ್ ಫೀಲ್ ಬೇಕು ಅಂಕಲ್" ಎಂದಳು. ತೋಟದಲ್ಲಿ ಬೇಕಾದಷ್ಟು ಕಲ್ಲು ಬಿದ್ದಿದ್ದರೂ ರಾಜಸ್ಥಾನದಿಂದ ಕಲ್ಲಿನ ಬಿಲ್ಲೆ ಬಂದವು. ಕಾಂಡಕೊರಕ ಹಿಡಿದು ಕಿತ್ತ ಅರೇಬಿಕಾ ಬುಡಕ್ಕೆ ಪಾಲಿಶ್ ಹೊಡೆದು ದೀಪದ ಕಂಬ ಮಾಡಿದರು. ಇದೊಂದು ನಿಜಕ್ಕೂ ಚೆನ್ನಾಗಿದೆ. ಆ ಗಿಡ ಬದುಕಿದ್ದಾಗ ತರದಷ್ಟು ಆದಾಯವನ್ನು ಈಗ ತರುತ್ತಿದೆ.

ಉಳಿದದ್ದಕ್ಕೆ ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿದರು. ಗೊರಬು, ಮೊರ, ಸೇರು, ಪಾವು, ಕೊಪ್ಪರಿಗೆ ಎಲ್ಲವೂ ಬಂದವು. ಇವೆಲ್ಲ ಇದೇ ಮನೆಯಲ್ಲಿದ್ದು, 1994ರಲ್ಲಿ ಜಾಗ ಖಾಲಿ ಮಾಡಲು ಗುಜರಿಯವನಿಗೆ ತೂಕಕ್ಕೆ ಹಾಕಿದ ಜಾತಿಯವೇ. ಕೊಪ್ಪರಿಗೆಯ ಕಂಠದ ಮೇಲೆ ಕೊರೆದಿದ್ದ ಹೆಸರನ್ನು ಅಜ್ಜಿ ಕನ್ನಡಕ ಹಾಕಿಕೊಂಡು ಓದಿ, "ಇದು ನನ್ನ ತವರಿಂದ ಕೊಟ್ಟಿದ್ದಲ್ವೇನೋ?" ಎಂದರು. ಸಾವ್ಕಾರ್ರು ತೋಟ ನೋಡಲು ಹೊರಟುಹೋದರು. ಕುಯ್ಲಿನ ಹಳೆಯ ಬಿದಿರು ಕುಕ್ಕೆಯೊಂದನ್ನು ನಡುಮಧ್ಯೆ ತೂಗುಹಾಕಿ, ಅದರೊಳಗೆ ಬಲ್ಬು ಇಟ್ಟಿದ್ದರು. ಲೈನಿನ ಹಿರಿಯ ಹೆಂಗಸೊಬ್ಬಳು ನೆಲ ಒರೆಸಲು ಬಂದವಳು ತಲೆಯೆತ್ತಿ ನೋಡಿ, "ಅಯ್ಯೋ, ಹಣ್ಣು ಕುಯ್ಯಕ್ಕೆ ಕುಕ್ಕೆ ಕೊಡ್ಸಿ ಅಂದ್ರೆ ಪ್ಲಾಸ್ಟಿಕ್ ಚೀಲ ಕೊಟ್ರಿ. ಲೈಟಿಗೆ ಮಾತ್ರ ಕುಕ್ಕೆನಾ?" ಎಂದಳು. ಗೋಡೆಯ ಬಗ್ಗೆ ಇದುವರೆಗೆ ಬಂದಿರುವ ವಿಮರ್ಶೆಗಳಲ್ಲಿ ನನಗೆ ಅದೇ ಮೇಲು.

ಕೊನೆಗೆ ವಾಸ್ತುವಿನವರು ಬಂದರು. ಬೆಂಕಿ ಆಗ್ನೇಯದಲ್ಲಿರಬೇಕು, ಇದು ಪಡುವಣದಲ್ಲಿದೆ ಎಂದರು. ಒಡೆಯುವುದು ಬೇಡವಾದರೆ ಒಂದು ತಾಮ್ರದ ಪಿರಮಿಡ್ಡು ಸಾಕು ಎಂದು ಬ್ಯಾಗಿನಿಂದ ಅದನ್ನು ತೆಗೆದೇಬಿಟ್ಟರು. ಈಗ ರಾಜಸ್ಥಾನದ ಕಲ್ಲು, ಬೆಂಗಳೂರಿನ ಗೊರಬು, ಟಿವಿ, ಹಕ್ಕಿಯಿಲ್ಲದ ಕೊಂಬೆ, ಈಜಿಪ್ಟಿನ ಪಿರಮಿಡ್ಡು ಎಲ್ಲವೂ ಒಂದೇ ಗೋಡೆಯಲ್ಲಿವೆ. ಆಷಾಢದಲ್ಲಿ ಎಲ್ಲದರ ಮೇಲೂ ಸಮನಾಗಿ ಬೂಷ್ಟು ಹಿಡಿಯುತ್ತದೆ.

ನಮ್ಮ ಸೀಮೆಯ ಚಳಿ ಥರ್ಮಾಮೀಟರಿಗೆ ಸಿಗುವಂಥದ್ದಲ್ಲ. ಅದು ಒದ್ದೆಯ ಚಳಿ. ಹಾಸಿಗೆಯಲ್ಲಿ, ಉಪ್ಪಿನ ಡಬ್ಬಿಯಲ್ಲಿ, ಬೆಂಕಿಕಡ್ಡಿಯ ತುದಿಯಲ್ಲಿ ಕೂತಿರುತ್ತದೆ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಬಂದ ಅತಿಥಿಗಳು ಫೈರ್‌ಪ್ಲೇಸ್ ಹಚ್ಚಿ ಎಂದು ಹಟ ಹಿಡಿದರು. ಬಾಡಿಗೆಯಲ್ಲಿ ಅದೂ ಸೇರಿದೆಯಲ್ಲ! ಸಿಲ್ವರ್ ಓಕಿನ ಹಸಿ ಸೌದೆ, ಅದರ ಮೇಲೆ ಅರ್ಧ ಡಬ್ಬಿ ತುಪ್ಪ, ಮೂರು ದಿನದ ಪೇಪರು. ಉರಿ ಬರುವ ಮೊದಲೇ ಹೊಗೆ ಬಂತು. ಕಿಟಕಿ ತೆರೆದರು, ಮಳೆ ಒಳಗೆ ಬಂತು. ಅಷ್ಟರಲ್ಲಿ ಉರಿ ಹತ್ತಿತು. ತೆರೆದ ಬೆಂಕಿಗೂಡಿನ ಬಿಸಿಯಲ್ಲಿ ಬಹುಪಾಲು ಕೊಳವೆ ಹತ್ತಿ ಆಕಾಶಕ್ಕೆ ಹೋಗುತ್ತದೆ. ಜತೆಗೆ ಕೋಣೆಯ ಬೆಚ್ಚನೆಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಅತಿಥಿಗಳ ಮೊಣಕಾಲು ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಮಗು ಕೆಮ್ಮಿ ಕೆಮ್ಮಿ ಅಳತೊಡಗಿತು.

ಸಾವ್ಕಾರ್ರ ಹೆಂಡತಿ, ಅಂದರೆ ಅಮ್ಮಾವ್ರು, ಮಗುವನ್ನು ಎತ್ತಿಕೊಂಡು ಹಿಂದಿನ ಬಚ್ಚಲುಮನೆಗೆ ಹೋದರು. ಮಗುವಿನ ಹಿಂದೆ ತಾಯಿ, ತಾಯಿಯ ಹಿಂದೆ ಉಳಿದವರು, ಎಲ್ಲರ ಹಿಂದೆ ಮುಖ ಸಣ್ಣಗೆ ಮಾಡಿಕೊಂಡ ಸಾವ್ಕಾರ್ರು. ಅಲ್ಲಿ ಹಂಡೆಯ ಒಲೆ ನಿಗಿನಿಗಿ ಉರಿಯುತ್ತಿತ್ತು. ಜೂನ್‌ನಲ್ಲಿ ಹಚ್ಚಿದ ಆ ಒಲೆ ನವರಾತ್ರಿಯವರೆಗೆ ಆರುವುದಿಲ್ಲ. ಬೇಸಿಗೆಯಲ್ಲೇ ಒಣಗಿಸಿ ಒಟ್ಟಿದ ಕಾಫಿ ಸೌದೆ ಗೋಡೆಯುದ್ದಕ್ಕೂ ಇತ್ತು. ಮೇಲೆ ಹಗ್ಗದಲ್ಲಿ ಒದ್ದೆ ಬಟ್ಟೆ, ಮೂಲೆಯಲ್ಲಿ ಒಣಗಲಿಟ್ಟ ರೈಟರ ಕೊಡೆ, ಒಲೆಯ ಬಾಯಿಯಲ್ಲಿ ಕೂತು ಹಲಸಿನ ಬೀಜ ಸುಡುತ್ತಿದ್ದ ಅಜ್ಜಿ. ರೈಟರೂ ಅಲ್ಲೇ ಇದ್ದರು, ಜಗಲಿಯಲ್ಲಿ ನಿಂತು ನಿಂತು ಸಾಕಾಗಿ. ಅತಿಥಿಗಳು ರಾತ್ರಿ ಹನ್ನೊಂದರವರೆಗೂ ಏಳಲಿಲ್ಲ. ಮಸಿ ಹಿಡಿದ ಆ ಕರಿಗೋಡೆಯ ಮುಂದೆ ನಿಂತು ನೂರು ಫೋಟೋ ತೆಗೆದರು. "ಅಂಕಲ್, ನಿಮ್ಮನೇಲಿ ಬೆಸ್ಟ್ ಅಂದ್ರೆ ಇದೇ ಗೋಡೆ," ಎಂದರು.

ಸಾವ್ಕಾರ್ರು ಆ ರಾತ್ರಿ ಮಲಗಲಿಲ್ಲವಂತೆ. ಬೆಳಗ್ಗೆ ಟೇಪು ಹಿಡಿದು ಬಚ್ಚಲುಮನೆಯ ಗೋಡೆ ಅಳೆಯುತ್ತಿದ್ದುದನ್ನು ಅಜ್ಜಿ ನೋಡಿದ್ದಾರೆ. ಕಾಫಿ ಬೆಲೆ ಇನ್ನೂ ಚೆನ್ನಾಗಿಯೇ ಇದೆ, ಡಿಸೈನರ್ ಹುಡುಗಿಗೆ ಫೋನೂ ಹೋಗಿದೆ. ಹಂಡೆ ಒಲೆಯ ಮುಂದೆ ಒಂದು ಸಂಜೆ ಕೂರಬೇಕೆಂಬ ಆಸೆ ನಿಮಗಿದ್ದರೆ ಈ ಮಳೆಗಾಲದಲ್ಲೇ ಹೋಗಿ ಬನ್ನಿ.