ಮುನಿಸಿಕೊಂಡ ಡಾಂಗಲ್ಲು

ನೆದರ್‌ಲೆಂಡ್ಸಿನ ವೂರ್‌ಬರ್ಗ್ ದೊಡ್ಡದೊಡ್ಡವರನ್ನು ಕಂಡ ಊರು. ಲೋಲಕದ ಗಡಿಯಾರ ಮಾಡಿದ ಕ್ರಿಸ್ಟಿಯಾನ್ ಹೈಗನ್ಸ್‌ನ ಅಪ್ಪ ಕಟ್ಟಿಸಿದ ಹೊಫ್‌ವೈಕ್ ಬಂಗಲೆ ಈಗಲೂ ರೈಲ್ವೆ ಸ್ಟೇಷನ್ನಿನ ಮಗ್ಗುಲಲ್ಲೇ ಇದೆ. ತತ್ವಜ್ಞಾನಿ ಸ್ಪಿನೋಜಾ 1663ರಲ್ಲಿ ಇಲ್ಲಿಗೆ ಬಂದು, ಕೆಲವು ವರ್ಷ ಗಾಜು ಉಜ್ಜಿ ಮಸೂರ ಮಾಡುತ್ತಿದ್ದ. ಈಗ ನಮ್ಮ ಭಾವ ಇದ್ದಾರೆ. ಇವರು ಉಜ್ಜುವುದು ಕಣ್ಣು, ಅದೂ ರಾತ್ರಿ ಹನ್ನೆರಡರ ಮೇಲೆ.

ಮನೆಗೆ ಒಂದು ಕಂಪ್ಯೂಟರ್ ಸಾಕು, ಅದರ ಹೊಟ್ಟೆಯೊಳಗೆ ಇನ್ನೊಂದು ಓಡುತ್ತಿರಬೇಕು ಅನ್ನುವುದು ಭಾವನ ಸಿದ್ಧಾಂತ. ಈ ಒಳಗಿನದೇ ವರ್ಚುವಲ್ ಮಷೀನು. ಅದಕ್ಕೆ ಪರದೆಯಿಲ್ಲ, ಕಿಟಕಿಯಿಲ್ಲ. ಹಿಂದೆಲ್ಲೋ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಅದರಲ್ಲಿ ಮನೆಯ ದೀಪ, ಮೀಟರುಗಳನ್ನು ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್ ಇದೆ. 2013ರಲ್ಲಿ ಪೌಲಸ್ ಸ್ಖೌಟ್ಸನ್ ಎಂಬ ಡಚ್ಚರವನೇ ಶುರುಮಾಡಿದ ತಂತ್ರಾಂಶವಾದ್ದರಿಂದ, ಸ್ಥಳೀಯ ಪದಾರ್ಥ ಬಳಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಎರಡು ಸಾಮಾನು ಚುಚ್ಚಿದ್ದಾರೆ: ವಿದ್ಯುತ್ ಮೀಟರಿನ ಪಿ1 ಕಿಂಡಿಯಿಂದ ಬರುವ ಕೇಬಲ್ಲು, ದೀಪಗಳಿಗೆ ಅಪ್ಪಣೆ ಕೊಡುವ ಜಿಗ್‌ಬೀ ಡಾಂಗಲ್ಲು. ಮೀಟರು ಹೊಸ ಮಾದರಿಯದು, ಸೆಕೆಂಡಿಗೊಮ್ಮೆ ಲೆಕ್ಕ ಒಪ್ಪಿಸುತ್ತದೆ. ಕೇಳುವವರು ಎಚ್ಚರವಾಗಿರಬೇಕು, ಅಷ್ಟೆ.

ಅದೇ ತಾಪತ್ರಯ. ಕಣ್ಣೆದುರಿನ ಮಷೀನು ಕೆಟ್ಟರೆ ಪರದೆಯ ಮೇಲೆ ಏನಾದರೂ ಕಿರುಚುತ್ತದೆ. ಹಿಂದೆ ಓಡುವುದು ಕೆಟ್ಟರೆ ಗೊತ್ತಾಗುವುದು ನಡುಮನೆಯ ದೀಪ ಹತ್ತದಿದ್ದಾಗ.

“ರೀ, ನಿಮ್ಮ ಡಾಂಗಲ್ಲು ಮತ್ತೆ ಮುನಿಸಿಕೊಂಡಿದೆ,” ಎಂದು ಅಕ್ಕ ಅಡುಗೆಮನೆಯಿಂದಲೇ ಸಾರುತ್ತಾಳೆ. ಭಾವ ಎದ್ದು ಹೋಗಿ ಕಿತ್ತು ಚುಚ್ಚುತ್ತಾರೆ. ಹತ್ತುತ್ತದೆ. “ಸರಿಹೋಯ್ತಲ್ಲ?” ಅನ್ನುತ್ತಾರೆ, ತಾವೇ ಕಂಡುಹಿಡಿದವರ ಹಾಗೆ. ಮರುದಿನ ಅದೇ ರಾಗ.

ನಿಜವಾದ ಕತೆ ನಮ್ಮ ಹಳೆಯ ವಠಾರದ ಕೊಳಾಯಿಯದು. ಡಾಂಗಲ್ಲು ಚುಚ್ಚಿರುವುದು ಮಾಲೀಕನ ಮನೆಗೆ, ಅಂದರೆ ಹೊರಗಿನ ಕಂಪ್ಯೂಟರಿಗೆ. ಒಳಗಿನ ಮಷೀನು ಬಾಡಿಗೆದಾರ. ಮಾಲೀಕ ಬಿಟ್ಟುಕೊಟ್ಟಷ್ಟು ಹೊತ್ತು ನೀರು. ಕರೆಂಟು ಒಂದು ಚಣ ಕುಸಿದು ಡಾಂಗಲ್ಲು ಬಿದ್ದು ಎದ್ದಿತೋ, ಲಿನಕ್ಸ್ ಅದನ್ನು ಹೊಸಬನೆಂದೇ ಬಗೆದು ಹೊಸ ನಂಬರು ಕೊಡುತ್ತದೆ. ನಿನ್ನೆ 5 ಆಗಿದ್ದದ್ದು ಇವತ್ತು 6. ಬಾಡಿಗೆದಾರ ಪಾಪ ಇನ್ನೂ 5ರ ಬಾಗಿಲು ತಟ್ಟುತ್ತಲೇ ಇರುತ್ತಾನೆ. ಅಷ್ಟರಲ್ಲಿ ಮಾಲೀಕನ ಡ್ರೈವರು ಬಂದು 6ನ್ನು ತನ್ನದಾಗಿಸಿಕೊಂಡಿರುತ್ತದೆ. ಅದಕ್ಕೇ ನಂಬರು ನೋಡಿ ಕರೆಯಬಾರದು, ತಯಾರಕರ ಗುರುತು, ಸಾಧನದ ಗುರುತು ನೋಡಿ ಕರೆಯಬೇಕು. ಅಗ್ಗದ ಕೆಲವು ಕೇಬಲ್ಲುಗಳ ಸೀರಿಯಲ್ ನಂಬರೂ ಒಂದೇ. ಅಂಥ ಎರಡಿದ್ದರೆ ಯಾವುದು ಯಾವ ಕಿಂಡಿಯಲ್ಲಿದೆ ಅನ್ನುವುದೊಂದೇ ಗತಿ.

ಇನ್ನು ನಿದ್ದೆಯ ವಿಷಯ. ವಿದ್ಯುತ್ ಉಳಿಸುವ ಉತ್ಸಾಹದಲ್ಲಿ ಸುಮ್ಮನಿರುವ ಸಾಧನವನ್ನು ಕಂಪ್ಯೂಟರೇ ಮಲಗಿಸಿಬಿಡುತ್ತದೆ. ಎಲ್ಲವೂ ತಕ್ಷಣ ಏಳುವುದಿಲ್ಲ. ಆ ಸೌಲಭ್ಯವನ್ನು ತೆಗೆದುಬಿಡುವುದೇ ಮೇಲು. ಇನ್ನೊಂದು ತಕರಾರು ವಿದ್ಯುತ್ ಹಂಚಿಕೆಯದು. ಹೈಗನ್ಸ್ 1665ರಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ, ಒಂದೇ ತೊಲೆಗೆ ತೂಗುಹಾಕಿದ ಎರಡು ಗಡಿಯಾರ ಒಂದನ್ನೊಂದು ಕದಲಿಸಿ ಲಯ ಸೇರಿಕೊಳ್ಳುವುದನ್ನು ಕಂಡ. ಭಾವ ಒಂದೇ ಯುಎಸ್‌ಬಿ ಹಬ್ಬಿಗೆ ಹಾರ್ಡ್ ಡಿಸ್ಕನ್ನೂ ಡಾಂಗಲ್ಲನ್ನೂ ಚುಚ್ಚಿ ಇದರ ಉಲ್ಟಾ ಕಂಡರು: ಡಿಸ್ಕು ತಿರುಗಲು ಶುರುವಾದೊಡನೆ ಡಾಂಗಲ್ಲಿಗೆ ಲಯ ತಪ್ಪುತ್ತಿತ್ತು. ಯುಎಸ್‌ಬಿ 2ರ ಒಂದು ಕಿಂಡಿ ಕೊಡುವುದೇ 500 ಮಿಲಿಆಂಪ್ಸ್. ಸ್ವಂತ ಅಡಾಪ್ಟರ್ ಇರುವ ಹಬ್ಬು ಬಂದ ಮೇಲೆ ಆ ಜಗಳ ನಿಂತಿತು.

ದೀಪಗಳು ಮಾತ್ರ ಇನ್ನೂ ತಡವರಿಸುತ್ತಿದ್ದವು. ಅದಕ್ಕೆ ಕಾರಣವನ್ನು ಇಂಟೆಲ್ ಕಂಪನಿ 2012ರಲ್ಲೇ ಬರೆದು ಹೇಳಿದೆ: ಯುಎಸ್‌ಬಿ 3 ಎಬ್ಬಿಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಸಾಧನಗಳನ್ನು ಕಿವುಡು ಮಾಡುತ್ತದೆ. ಜಿಗ್‌ಬೀ ಮಾತಾಡುವುದೂ ಅದೇ ಅಲೆಯಲ್ಲಿ. ಭಾವ ತಂತ್ರಾಂಶ ಬದಲಿಸಿದರು, ಬಲ್ಬು ಬದಲಿಸಿದರು. ಕೊನೆಗೆ ಗೆದ್ದದ್ದು ಡಾಂಗಲ್ಲನ್ನು ಪೆಟ್ಟಿಗೆಯಿಂದ ದೂರ ಇಡುವ ಸಾದಾ ಎಕ್ಸ್‌ಟೆನ್ಷನ್ ಕೇಬಲ್ಲು. ಇಷ್ಟು ಅಗ್ಗದ ಪರಿಹಾರವನ್ನು ಇಂಜಿನಿಯರುಗಳು ಮೊದಲೇ ಪ್ರಯತ್ನಿಸುವುದಿಲ್ಲ, ಮರ್ಯಾದೆ ಪ್ರಶ್ನೆ.

ಹಾಗೆ ನೋಡಿದರೆ 1998ರಲ್ಲಿ ಬಿಲ್ ಗೇಟ್ಸ್ ಪಕ್ಕದಲ್ಲೇ, ತುಂಬಿದ ಸಭೆಯಲ್ಲಿ, ಯುಎಸ್‌ಬಿ ಸ್ಕ್ಯಾನರ್ ಚುಚ್ಚಿದ ಕೂಡಲೇ ವಿಂಡೋಸ್ 98 ನೀಲಿ ಪರದೆ ತೋರಿಸಿ ಕುಸಿದಿತ್ತು. ಭಾವ ಇದನ್ನು ಸಮಾಧಾನಕ್ಕೆಂದು ಹೇಳಿಕೊಂಡರು.

“ಆ ಸಭೆಯಲ್ಲಿ ದೀಪ ಹತ್ತುತ್ತಿತ್ತಲ್ಲ!” ಅಂದಳು ಅಕ್ಕ.

ಮೀಟರಿನ ಕೇಬಲ್ಲನ್ನು ನಾನು ಹೇಳಿದ ಹಾಗೆ ಮಾಲೀಕನಿಗೇ ಬಿಟ್ಟಿದ್ದಾಯಿತು. ಅವನು ಓದಿದ್ದನ್ನು ನೆಟ್‌ವರ್ಕಿನ ಮೂಲಕ ಬಾಡಿಗೆದಾರನಿಗೆ ಕಳಿಸುತ್ತಾನೆ. ಮೀಟರಿನ ಮಟ್ಟಿಗೆ ಬಾಡಿಗೆದಾರನಿಗೆ ಯುಎಸ್‌ಬಿಯ ಹಂಗೇ ಇಲ್ಲ. ಭಾವ ಖುಷಿಯಾಗಿ ಗ್ರಾಫು ತೆರೆದರೆ, ಹಿಂದಿನ ವಾರಗಳಲ್ಲಿ ಅಲ್ಲಲ್ಲಿ ಬಿಳೀ ತೂತು.

ಅಕ್ಕ ಹಾಲಿನ ಲೆಕ್ಕದ ಪುಸ್ತಕ ತಂದಿಟ್ಟಳು. ಇಲ್ಲಿನ ಮೀಟರಿನ ಪರದೆಯಲ್ಲಿ 1.8.1 ಅಂದರೆ ಕಡಿಮೆ ದರದ ಯೂನಿಟ್ಟು, 1.8.2 ಅಂದರೆ ಮಾಮೂಲಿ ದರದ್ದು. ಪಕ್ಕದ ಬೆಲ್ಜಿಯಂನಲ್ಲಿ ಇದು ತಿರುಗುಮುರುಗು. ಎರಡನ್ನೂ ದಿನಾ ಬೆಳಿಗ್ಗೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಾಳೆ.

“ನಿಮ್ಮ ಗ್ರಾಫಿನಲ್ಲಿ ಖಾಲಿ ಬಿದ್ದಿರೋ ದಿನಗಳದ್ದು ಬೇಕಾದರೆ ನೋಡಿ ತುಂಬಿಸಿಕೊಳ್ಳಿ,” ಅಂದಳು. “ಪುಸ್ತಕ ಮಾತ್ರ ವಾಪಸ್ ಕೊಡಿ, ಹಾಲಿನದು ಬರೀಬೇಕು.”