ಮೋರಿ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ಈ ಗ್ರಂಥದ ವಿಷಯ, ಬೆಂಗಳೂರಿನ ಮನೆಗಳ ಬಚ್ಚಲು ನೀರು. ಪ್ರಯೋಜನ, ಹೋದ ನೀರು ಬಚ್ಚಲಿಗೇ ವಾಪಸು ಬಾರದಿರುವುದು. ಸಂಬಂಧ, ನೀರಿಗೂ ನಾಗರಿಕನಿಗೂ ಇರುವಂಥದ್ದು: ಬರುವಾಗ ಬೀಗರು ಬಂದ ಸಡಗರ, ಹೋಗುವಾಗ ಗುರುತೇ ಇಲ್ಲ. ನಾಲ್ಕನೆಯದು ಅಧಿಕಾರಿ. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂದು ಅಟೆಂಡರ್ ತಿಳಿಸಿರುವುದರಿಂದ ಉಳಿದ ಮೂರರಲ್ಲೇ ಮುಂದುವರಿಯುತ್ತೇವೆ.

ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಕಾವೇರಿಯನ್ನು ಪಂಪು ಮಾಡಿ, ಏರಿಸಿ, ತಂದು ನಲ್ಲಿಗೆ ಮುಟ್ಟಿಸುವ ಹೊಣೆ ಸರ್ಕಾರದ್ದು. ಇದರಲ್ಲಿ ಯಾವ ಪಂಡಿತರಿಗೂ ಭಿನ್ನಾಭಿಪ್ರಾಯವಿಲ್ಲ. ಅದೇ ನೀರು ಪಾತ್ರೆ ತೊಳೆದು, ಸೋಪಿನ ನೊರೆ ಹೊತ್ತು, ಗೇಟು ದಾಟಿ ಬೀದಿಯ ಮ್ಯಾನ್‌ಹೋಲಿಗೆ ಬೀಳುವ ಕೊನೆಯ ಆರಡಿ ಯಾರದು? ನೂರು ಕಿಲೋಮೀಟರಿಗೆ ಇಲ್ಲದ ವಾಗ್ವಾದವೆಲ್ಲ ಈ ಆರಡಿಯಲ್ಲಿದೆ.

ಪ್ರಾಚೀನರು ಇದನ್ನು ಬಗೆಹರಿಸಿಕೊಂಡಿದ್ದರು. ಮೊಹೆಂಜೊದಾರೊದಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಮನೆಯ ಕೊಳಚೆ ಇಟ್ಟಿಗೆ ಮುಚ್ಚಿದ ಬೀದಿ ಚರಂಡಿಗೆ ಸೇರುತ್ತಿತ್ತು. ಅಲ್ಲಿಯ ಮುದ್ರೆಗಳ ಲಿಪಿಯನ್ನು ಇವತ್ತಿಗೂ ಯಾರೂ ಓದಲಾಗಿಲ್ಲ. ಸರಾಸರಿ ಐದೇ ಚಿಹ್ನೆಗಳ ಆ ಬರಹಗಳು ದೂರು ಸಂಖ್ಯೆಗಳೇ ಇರಬೇಕೆಂಬುದು ನಮ್ಮ ನಮ್ರ ಊಹೆ; ಉತ್ತರ ಸಿಕ್ಕದಿರುವುದು ಇದಕ್ಕೆ ಪೋಷಕ ಸಾಕ್ಷ್ಯ. ಕೌಟಿಲ್ಯನಂತೂ ಅರ್ಥಶಾಸ್ತ್ರದಲ್ಲಿ ಲೆಕ್ಕವನ್ನೇ ಬರೆದಿಟ್ಟ: ಬೀದಿಗೆ ಕಸ ಸುರಿದರೆ ಪಣದ ಎಂಟನೆಯ ಒಂದು ಭಾಗ ದಂಡ, ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದರೆ ಕಾಲು ಪಣ, ರಾಜಮಾರ್ಗದಲ್ಲಾದರೆ ಅದರ ಇಮ್ಮಡಿ. ನಮ್ಮ ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಭೆಗಳಿಗೆ ವಹಿಸಬಹುದಾದ 18 ಬಾಬುಗಳಿವೆ. ಸ್ಮಶಾನ ಇದೆ, ಕಸಾಯಿಖಾನೆ ಇದೆ, ಉದ್ಯಾನವಿದೆ. ಚರಂಡಿ ಹೆಸರು ಹಿಡಿದು ಕಾಣಿಸುವುದಿಲ್ಲ. ನೈರ್ಮಲ್ಯವೆಂಬ ದೊಡ್ಡ ಪದದೊಳಗೆ ಅಡಗಿ ಕೂತಿದೆ.

ಇನ್ನು ದರ್ಶನಗಳು. ಆಡಳಿತವು ಮೂಲತಃ ದ್ವೈತಿ. ಮನೆಯ ಕೊಳಚೆ 1964ರಲ್ಲಿ ಹುಟ್ಟಿದ ಜಲಮಂಡಳಿಗೆ, ಮಳೆನೀರು ಪಾಲಿಕೆಗೆ. ಒಂದಕ್ಕೆ ಯುಜಿಡಿ ಎಂಬ ಒಳಚರಂಡಿ, ಇನ್ನೊಂದಕ್ಕೆ ಚರಂಡಿ ಮತ್ತು ರಾಜಕಾಲುವೆ. ಭೇದ ಸತ್ಯ, ಭೇದ ನಿತ್ಯ. ಮಧ್ವಾಚಾರ್ಯರು ಹೇಳಿದ್ದು ಪಂಚಭೇದ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಜಾಗಕ್ಕೆ ಐದು ಪಾಲಿಕೆಗಳು ಬಂದದ್ದರಿಂದ ಆ ಲೆಕ್ಕವೂ ಸರಿಹೋಯಿತು.

ನಾಗರಿಕನಾದರೋ ಅಪ್ಪಟ ಅದ್ವೈತಿ. ತಾರಸಿಯ ಮಳೆನೀರಿನ ಪೈಪನ್ನು ಸೀದಾ ಸ್ಯಾನಿಟರಿ ಛೇಂಬರಿಗೆ ಇಳಿಸುತ್ತಾನೆ. ಸ್ಯಾನಿಟರಿ ಲೈನಿಲ್ಲದ ಕಡೆ ಕಕ್ಕಸಿನ ಪೈಪನ್ನು ಚರಂಡಿಗೆ ತಿರುಗಿಸುತ್ತಾನೆ. ಹೆಚ್ಚೆಂದರೆ ಮನೆಯ ಕೊಳಚೆಯನ್ನು ತಾಳಬಲ್ಲ ಕೊಳವೆಯೊಳಕ್ಕೆ ಬೀದಿಬೀದಿಯ ತಾರಸಿಗಳು ಒಂದೇ ಗಳಿಗೆಯಲ್ಲಿ ಸುರಿದಾಗ ಮ್ಯಾನ್‌ಹೋಲಿನ ಮುಚ್ಚಳ ತಾನಾಗಿ ಮೇಲೇಳುತ್ತದೆ. ಆಗ ಕೊಳಚೆ ಬೇರೆ, ಮಳೆ ಬೇರೆ ಎಂಬುದು ಅಳಿದು, ತಗ್ಗಿನ ಮನೆಯವನ ನಡುಮನೆಯಲ್ಲಿ ಎಲ್ಲವೂ ಏಕರಸವಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಈ ಅನುಭೂತಿ ಯಮಲೂರಿನ ಕಡೆಯ ಶ್ರೀಮಂತರಿಗೂ ಆಯಿತು. ಕಾರುಗಳು ತೇಲಿದವು, ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ದೊಡ್ಡ ಅಪಾರ್ಟ್‌ಮೆಂಟಿನವರು ತಮ್ಮದೇ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ಇಟ್ಟುಕೊಂಡು ವಿಶಿಷ್ಟಾದ್ವೈತದಲ್ಲಿದ್ದಾರೆ. ಅವರ ಮೇಂಟೆನೆನ್ಸ್ ಬಿಲ್ಲು ಬೇರೆ ಗ್ರಂಥಕ್ಕೆ ವಸ್ತು.

ನೈಯಾಯಿಕರ ಪಾಡು ಮಾತ್ರ ನೋಡಲಾಗದು. ಹೊಗೆ ಇದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿಗೆ ಅನ್ನಂಭಟ್ಟರ ತರ್ಕಸಂಗ್ರಹ ಕೊಡುವ ಅನುಕೂಲ ದೃಷ್ಟಾಂತ ಅಡುಗೆಮನೆ. ಬೆಂಕಿ ಇರಲಾರದೆಂಬುದು ಖಚಿತವಾದ ಜಾಗಕ್ಕೆ ದೃಷ್ಟಾಂತ ದೊಡ್ಡ ಕೆರೆ. ತಲೆಮಾರುಗಳ ವಿದ್ಯಾರ್ಥಿಗಳು ಇದನ್ನು ಉರುಹೊಡೆದರು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿಕೊಂಡು ದಟ್ಟ ಹೊಗೆಯಾಡಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ. ಸೈನಿಕರು ಬಂದು ಆರಿಸಬೇಕಾಯಿತು. ರಾಜಕಾಲುವೆಗಳು ವರ್ಷಗಟ್ಟಲೆ ಸಂಸ್ಕರಿಸದ ಕೊಳಚೆಯನ್ನು ಹೊತ್ತು ತಂದದ್ದರ ಫಲ. ಶತಮಾನಗಳ ದೃಷ್ಟಾಂತವನ್ನು ಖಂಡಿಸಲು ಯಾವ ಪ್ರತಿವಾದಿಯೂ ಬೇಕಾಗಲಿಲ್ಲ, ನಮ್ಮ ಬಟ್ಟೆ ಸೋಪು ಸಾಕಾಯಿತು.

ಪ್ರತ್ಯಕ್ಷ ಪ್ರಮಾಣಕ್ಕಾಗಿ ಒಂದು 30x40 ಸೈಟುಗಳ ಬೀದಿಗೆ ಹೋಗೋಣ. ಚರಂಡಿಯಲ್ಲಿ ಕಪ್ಪು ನೀರು ನಿಂತಿದೆ. ಒಂದು ಕಚೇರಿಯವರು ಬಗ್ಗಿ ನೋಡಿ, “ಇದು ಮಳೆನೀರಲ್ಲ ಸಾರ್, ಸ್ಯಾನಿಟರಿ. ನಮಗೆ ಬರಲ್ಲ” ಎಂದರು. ಇನ್ನೊಂದು ಕಚೇರಿಯವರು ಬಗ್ಗದೆಯೇ, “ಸ್ಯಾನಿಟರೀನೇ. ಆದ್ರೆ ಹರೀತಿರೋದು ಚರಂಡೀಲಲ್ವಾ? ನಮಗೂ ಬರಲ್ಲ” ಎಂದರು. ಕಾಂಪೌಂಡಿಗೆ ಒರಗಿ ನಿಂತಿದ್ದ ಹಿರಿಯರೊಬ್ಬರು, “ವಾಸನೆ ಯಾರಿಗೆ ಬರುತ್ತೆ ಅಂತ ಹೇಳ್ಬಿಡ್ರಪ್ಪ, ಅಲ್ಲಿಗೇ ಅರ್ಜಿ ಕೊಡ್ತೀನಿ” ಎಂದರು.

ಕೊನೆಗೆ ಛೇಂಬರು ತೆಗೆದು ನೋಡುವುದೆಂದಾಯಿತು. ಛೇಂಬರೇ ಇಲ್ಲ! ಹುಡುಗನೊಬ್ಬ ಹಾರೆಯಿಂದ ನೆಲ ತಟ್ಟುತ್ತ ಹೋದ. ಕಾರು ಹತ್ತಿಸಲು ಚರಂಡಿಯ ಮೇಲೆಯೇ ಇಳಿಜಾರು ಕಟ್ಟಿ ಗ್ರಾನೈಟ್ ಹಾಸಿದ ಕಡೆ ಟೊಳ್ಳು ಸದ್ದು ಬಂತು. ಒಳಗಿಂದ ಮನೆಯೊಡೆಯರು ಓಡಿಬಂದರು: “ರೀ, ಒಡೀಬೇಡಿ! ಗ್ರಾನೈಟ್ ನಮ್ಮದು!” ಕೆಳಗಿನ ಛೇಂಬರು? “ಅದು ಗೌರ್ಮೆಂಟಿದು. ಅವರು ಕ್ಲೀನ್ ಮಾಡ್ಕೊಳ್ಲಿ, ಬೇಡ ಅಂದೋರು ಯಾರು?” ಮೇಲಿನ ಮುಕ್ಕಾಲು ಇಂಚು ಖಾಸಗಿ, ಕೆಳಗಿನ ಮೂರಡಿ ಸಾರ್ವಜನಿಕ. ಹೊಣೆಯ ಬಗ್ಗೆ ನಾವು ಓದಿದ ಯಾವ ಗ್ರಂಥದಲ್ಲೂ ಇಷ್ಟು ಸ್ಪಷ್ಟವಾದ ಗಡಿರೇಖೆ ಸಿಕ್ಕಿರಲಿಲ್ಲ.

ಪ್ರಶ್ನೆಯನ್ನು ಚುನಾಯಿತ ಪ್ರತಿನಿಧಿಯ ಮುಂದಿಡಬಹುದಿತ್ತು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ್ದರಿಂದ ಆ ಅಧ್ಯಾಯ ಲುಪ್ತವಾಗಿದೆ.

ಪೂರ್ವಪಕ್ಷ ಇಷ್ಟು. ಸಿದ್ಧಾಂತಕ್ಕೆ ಬಂದರೆ ಹಾಸ್ಯ ಮುಂದುವರಿಯುವುದಿಲ್ಲ. ಎರಡು ಕಚೇರಿಗಳೂ ಮನೆಯೊಡೆಯರೂ ಕೈಬಿಟ್ಟ ಆರಡಿಗೆ ಕೊನೆಯಲ್ಲಿ ಯಾರೋ ಒಬ್ಬನನ್ನು ಕರೆದು, ನೋಟು ಕೈಗಿಟ್ಟು, “ಸ್ವಲ್ಪ ಇಳಿದು ನೋಡಪ್ಪ” ಎನ್ನುತ್ತೇವೆ. ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸುವುದು ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ. ಇಳಿಸಿದವರು ಇಲಾಖೆಯವರಾದರೂ ಅಷ್ಟೆ, ಮನೆಯ ಯಜಮಾನರಾದರೂ ಅಷ್ಟೆ. ಇಲ್ಲಿ ಮಾತ್ರ ಕಾನೂನು ಖಾಸಗಿ, ಸಾರ್ವಜನಿಕ ಎಂದು ಭೇದ ಮಾಡಿಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷವಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಮೊತ್ತ ಏರಿಸುವ ಪ್ರಮೇಯ ಬರುತ್ತಿರಲಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ. ಲೈನ್ ಕಟ್ಟಿಕೊಂಡರೆ ಜೆಟ್ಟಿಂಗ್ ಮಷಿನ್ನಿಗೆ ದೂರು ಬರೆಸಿ, ಬರುವ ತನಕ ಕಾಯಿರಿ, ಮನುಷ್ಯರನ್ನು ಇಳಿಸಬೇಡಿ. ಮುಂಗಾರಿಗೆ ಮುಂಚೆ ತಾರಸಿಯ ಪೈಪನ್ನು ಸ್ಯಾನಿಟರಿ ಛೇಂಬರಿನಿಂದ ಬಿಡಿಸಿ, ಸಂಪಿಗೋ ಇಂಗುಗುಂಡಿಗೋ ತಿರುಗಿಸಿ. ದೊಡ್ಡ ಸೈಟಿನವರಿಗೆ ಮಳೆಕೊಯ್ಲು ಕಡ್ಡಾಯವಾದದ್ದು 2009ರಲ್ಲೇ. ಗ್ರಾನೈಟ್ ಅಡಿಯ ಮುಚ್ಚಳ ಎಲ್ಲಿದೆಯೆಂದು ಈ ಭಾನುವಾರವೇ ತಟ್ಟಿ ನೋಡಿ.